ಹಿಮ ಕರಗುವ ಹೊತ್ತಿನ ಚಾರಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಫೆಬ್ರುವರಿ ಕೊನೆಯಿಂದ ಏಪ್ರಿಲ್ ನಡುವಿನ ತನಕ ಬೆಟ್ಟದ ಕಡೆ ಹೊರಟವರ ಪ್ರಶ್ನೆಗಳಿಗೆ ಈ ಸಲದ ಅಂಕಣ. ಬಂದ ಪತ್ರಗಳಲ್ಲಿ ಹೆಚ್ಚಿನವು ಉತ್ತರಾಖಂಡದ ದಾರಿಗಳನ್ನು ಕುರಿತವು. ಮಲೆನಾಡಿನ ಬಗ್ಗೆ ಬಂದ ಒಂದು ಪ್ರಶ್ನೆಯೂ ಅಷ್ಟೇ ಮುಖ್ಯವೆನಿಸಿ ಸೇರಿಸಿದ್ದೇವೆ.

ಪ್ರಶ್ನೆ (ಬೆಂಗಳೂರಿನಿಂದ): ಆಫೀಸಿನ ಆರು ಜನ ಗೆಳೆಯರು ಮಾರ್ಚ್ ಮೂರನೇ ವಾರ ಹೊರಟಿದ್ದೇವೆ. ಕೇದಾರಕಂಠದಲ್ಲಿ ಆಗಲೂ ಹಿಮ ಇರುತ್ತದೆಯೇ, ಇಲ್ಲ ಡಿಸೆಂಬರಿನಲ್ಲೇ ಹೋಗಬೇಕಿತ್ತೇ? ನಮ್ಮಲ್ಲಿ ಯಾರೂ ಹಿಮದಲ್ಲಿ ನಡೆದವರಲ್ಲ.

ಉತ್ತರ: ಡಿಸೆಂಬರ್ ಕೈತಪ್ಪಿತೆಂದು ಕೊರಗಬೇಡಿ. ಹಿಮಾಲಯಕ್ಕೆ ಚಳಿಗಾಲದ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಸಾಗಿಬರುವ ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ ಎಂಬ ಮಳೆ-ಹಿಮದ ವಾಯುಭಾರ ಕುಸಿತಗಳು. ಅವುಗಳ ಜೋರು ಜನವರಿ, ಫೆಬ್ರುವರಿಯಲ್ಲಿ. ಹಾಗಾಗಿ ಹಿಮದ ಹಾಸು ದಪ್ಪವಾಗಿರುವುದು ಫೆಬ್ರುವರಿ ಕೊನೆಯ ಹೊತ್ತಿಗೆ. ಡಿಸೆಂಬರಿನಲ್ಲಿ ಕೆಲವು ವರ್ಷ ಬರೀ ಒಣಹುಲ್ಲೇ ಕಾಣುವುದುಂಟು. ಮಾರ್ಚ್ ಮೂರನೇ ವಾರಕ್ಕೆ ಕೆಳಗಿನ ಕಾಡಿನಲ್ಲಿ ನೆಲ ಕಾಣಿಸತೊಡಗಿರುತ್ತದೆ, ಮೇಲೆ ಹಿಮ ಉಳಿದಿರುತ್ತದೆ. ಒಂದೇ ಬೆಟ್ಟದ ಎರಡು ಮಗ್ಗುಲಿಗೂ ವ್ಯತ್ಯಾಸ ಇರುತ್ತದೆ: ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ದಿನವಿಡೀ ಬಿಸಿಲು ಬಿದ್ದು ಬೇಗ ಬೋಳಾದರೆ, ಉತ್ತರದ ಮಗ್ಗುಲಲ್ಲಿ ಏಪ್ರಿಲ್‌ವರೆಗೂ ಮೊಣಕಾಲುದ್ದ ಹಿಮ ನಿಲ್ಲಬಹುದು.

ಕೇದಾರಕಂಠದ ಎತ್ತರ ಸುಮಾರು 3,810 ಮೀಟರ್, ಅಂದರೆ 12,500 ಅಡಿ. ಬುಡದ ಊರು ಸಾಂಕ್ರಿ ಸುಮಾರು 1,950 ಮೀಟರಿನಲ್ಲಿದೆ. ಡೆಹ್ರಾಡೂನಿನಿಂದ ಅಲ್ಲಿಗೆ ಒಂದು ಹಗಲಿಡೀ ಘಾಟಿ ರಸ್ತೆ. ನಗದು ಹಣವನ್ನು ಪುರೋಲಾ ದಾಟುವ ಮೊದಲೇ ತೆಗೆದುಕೊಳ್ಳಿ. ಈ ದಾರಿ ಗೋವಿಂದ ವನ್ಯಧಾಮದೊಳಗೆ ಹೋಗುವುದರಿಂದ ಅರಣ್ಯ ಇಲಾಖೆಯ ಪರವಾನಗಿ ಬೇಕು. ಆಧಾರ್ ಪ್ರತಿ ಜೊತೆಗಿರಲಿ.

ಆದರೆ ಆರೂ ಜನ ಹೊಸಬರಾದ್ದರಿಂದ ನಮ್ಮ ಒಲವು ದಯಾರಾ ಬುಗ್ಯಾಲ್ ಕಡೆಗೆ. ಬುಗ್ಯಾಲ್ ಎಂದರೆ ಕಾಡಿನ ಗಡಿ ಮುಗಿದ ಮೇಲೆ ಹರಡಿಕೊಂಡ ಹುಲ್ಲುಗಾವಲು. ಉತ್ತರಕಾಶಿಯ ಆಚೆ ರೈಥಲ್ ಅಥವಾ ಬರ್ಸು ಊರಿನಿಂದ ಹತ್ತಬೇಕು. ಕೇದಾರಕಂಠದ ತುದಿಗೆ ಹೋಗುವ ಕೊನೆಯ ಏರು ಕಡಿದು, ಬೆಳಗಿನ ಜಾವ ಗಾಜಿನಂತೆ ಗಟ್ಟಿಯಾಗಿರುತ್ತದೆ. ಅಲ್ಲಿ ಜಾರಿದರೆ ಬಹಳ ದೂರ ಹೋಗುತ್ತೀರಿ. ದಯಾರಾದಲ್ಲಿ ಹೆಚ್ಚಿನ ಕಡೆ ಅಲೆಅಲೆಯಾದ ಮೆಲ್ಲನೆಯ ಇಳಿಜಾರು, ಜಾರಿದರೂ ನಾಲ್ಕು ಮಾರಿನಲ್ಲಿ ನಿಲ್ಲುತ್ತೀರಿ. ಹಿಮದ ಮೇಲೆ ಕಾಲಿಡಲು ಕಲಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಕಡಿಮೆ. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಬುಗ್ಯಾಲ್‌ಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿದೆ. ಯಾವ ಏಜೆನ್ಸಿಯವರಾದರೂ ‘ಹುಲ್ಲುಗಾವಲಿನ ನಡುವೆಯೇ ಟೆಂಟು’ ಎಂದರೆ ಅವರನ್ನು ಬಿಡಿ.

ಪ್ರಶ್ನೆ (ಹುಬ್ಬಳ್ಳಿಯಿಂದ): ಹೋದ ವರ್ಷ ಏಪ್ರಿಲ್ ಮೊದಲ ವಾರ ನಮ್ಮ ಗುಂಪು ಮಧ್ಯಾಹ್ನ ಒಂದು ಗಂಟೆಗೆ ಇಳಿಯುವಾಗ ತೊಡೆಯವರೆಗೂ ಕಾಲು ಹೂತು, ಒಬ್ಬನ ಮೊಣಕಾಲು ಉಳುಕಿತು. ಬೆಳಿಗ್ಗೆ ಹತ್ತುವಾಗ ಅದೇ ಜಾಗ ಸಿಮೆಂಟಿನ ಹಾಗೆ ಇತ್ತು. ಹೀಗೇಕೆ? ಗೈಡ್ ಮೂರು ಗಂಟೆಗೇ ಎಬ್ಬಿಸುತ್ತಿದ್ದುದು ಇದಕ್ಕೇನೋ?

ಉತ್ತರ: ಇದಕ್ಕೇ. ವಸಂತದ ಹಿಮ ಗಡಿಯಾರ ನೋಡಿಕೊಂಡು ನಡೆಯುವ ವಸ್ತು. ಹಗಲು ಬಿಸಿಲಿಗೆ ಮೇಲಿನ ಪದರ ಕರಗಿ, ಆ ನೀರು ಹಿಮದ ಹರಳುಗಳ ನಡುವೆ ಇಳಿಯುತ್ತದೆ. ರಾತ್ರಿ ಆಕಾಶ ತಿಳಿಯಾಗಿದ್ದರೆ ನೆಲದ ಶಾಖವೆಲ್ಲ ಮೇಲಕ್ಕೆ ಹಾರಿಹೋಗಿ, ನೀರು ಮರಳಿ ಹೆಪ್ಪುಗಟ್ಟಿ, ಹರಳುಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ನಸುಕಿನಲ್ಲಿ ನಿಮಗೆ ಸಿಕ್ಕಿದ್ದು ಆ ಬೆಸುಗೆ. ಸೂರ್ಯ ಬಂದು ಮೂರು ನಾಲ್ಕು ಗಂಟೆಯಲ್ಲಿ ಅದು ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ತುದಿಯಿಂದ ಒಂಬತ್ತರೊಳಗೆ ಇಳಿಯತೊಡಗಿ, ಹನ್ನೊಂದರ ಹೊತ್ತಿಗೆ ಕಡಿದಾದ ಹಿಮ ದಾಟಿರಬೇಕು.

ಇದರಲ್ಲಿ ಒಂದು ಒಳಸುಳಿ ಇದೆ. ರಾತ್ರಿಯೆಲ್ಲ ಮೋಡ ಕವಿದಿದ್ದರೆ ಶಾಖ ತಪ್ಪಿಸಿಕೊಳ್ಳುವುದಿಲ್ಲ, ಹಿಮ ಗಟ್ಟಿಯಾಗುವುದೇ ಇಲ್ಲ. ಡೇರೆಯಿಂದ ಹೊರಬಂದ ಕೂಡಲೇ ಬೂಟಿನಿಂದ ಒತ್ತಿ ನೋಡಿ. ಅಚ್ಚು ಮಾತ್ರ ಮೂಡಿದರೆ ಹೊರಡಿ. ಹರಡು ಮುಳುಗುವಷ್ಟು ಇಳಿದರೆ ಅವತ್ತು ಎಷ್ಟು ಬೇಗ ಎದ್ದರೂ ಪ್ರಯೋಜನವಿಲ್ಲ, ಕಡಿದಾದ ಮೇಲುದಾರಿ ಬಿಟ್ಟುಬಿಡಿ.

ಕಾಲು ಎಲ್ಲಿ ಹೂಳುತ್ತದೆ ಎನ್ನುವುದಕ್ಕೂ ಲೆಕ್ಕವಿದೆ. ಬಂಡೆ, ಮರದ ಬೊಡ್ಡೆ, ಪೊದೆ ಇವು ಬಿಸಿಲು ಕುಡಿದು ಸುತ್ತಲ ಹಿಮವನ್ನು ಒಳಗಿಂದೊಳಗೇ ಟೊಳ್ಳು ಮಾಡುತ್ತವೆ. ಹಿಮದಿಂದ ಪೊದೆಯ ತುದಿ ಇಣುಕುತ್ತಿದ್ದರೆ ಅದರಿಂದ ಒಂದೆರಡು ಮೀಟರ್ ದೂರ ನಡೆಯಿರಿ. ಹೂತ ಕಾಲನ್ನು ಜಗ್ಗಿ ಎಳೆಯಬೇಡಿ. ನಿಮ್ಮ ಗೆಳೆಯರ ಮೊಣಕಾಲು ಉಳುಕಿರುವುದು ಬಹುಶಃ ಹಾಗೆಯೇ. ಮೊದಲು ಬೆನ್ನುಚೀಲ ಕಳಚಿ, ಮೈಯನ್ನು ಮುಂದಕ್ಕೆ ಚಾಚಿ ಮಲಗಿ ಭಾರ ಹರಡಿ, ಕಾಲ ಸುತ್ತಲಿನ ಹಿಮವನ್ನು ಕೈಯಿಂದ ಸಡಿಲಿಸಿ, ಹೊಕ್ಕ ದಿಕ್ಕಿನಲ್ಲೇ ಹೊರಗೆ ತೆಗೆಯಿರಿ.

ಹತ್ತುವಾಗ ಬೂಟಿನ ಮೂತಿಯಿಂದ ಎರಡು ಮೂರು ಸಲ ಒದ್ದು, ಅರ್ಧ ಪಾದ ಕೂರುವಷ್ಟು ಮೆಟ್ಟಿಲು ಮಾಡಿ. ಹಿಂದಿನವರು ಅದೇ ಮೆಟ್ಟಿಲಿನಲ್ಲಿ ಕಾಲಿಡಲಿ. ಇಳಿಯುವಾಗ ಹಿಂದಕ್ಕೆ ವಾಲುವುದೇ ಎಲ್ಲರ ತಪ್ಪು. ಮೂಗು ಹೆಬ್ಬೆರಳಿನ ನೇರಕ್ಕೆ ಬರುವಂತೆ ತುಸು ಮುಂದೆ ಬಾಗಿ, ಹಿಮ್ಮಡಿಯನ್ನು ಧೈರ್ಯವಾಗಿ ಊರಬೇಕು. ಗಟ್ಟಿ ಹಿಮಕ್ಕೆ ಬೂಟಿನ ಮೇಲೆ ತೊಡುವ ಮೈಕ್ರೋಸ್ಪೈಕ್ ಸಾಕು. ಆದರೆ ಹಿಮ ಮೆತ್ತಗಾದಾಗ ಅದರಡಿ ಉಂಡೆ ಕಟ್ಟಿಕೊಂಡು ಮುಳ್ಳು ನೆಲ ಮುಟ್ಟುವುದೇ ಇಲ್ಲ. ಆಗಾಗ ಕೋಲಿನಿಂದ ತಟ್ಟಿ ಉದುರಿಸಿ. ಕುಳಿತು ಜಾರುತ್ತ ಇಳಿಯುವ ಆಸೆ ಎಲ್ಲರಿಗೂ ಇರುತ್ತದೆ. ಜಾರುವ ಮುಂಚೆ ಸ್ಪೈಕ್ ಬಿಚ್ಚಲೇಬೇಕು. ವೇಗದಲ್ಲಿ ಒಂದು ಮುಳ್ಳು ನೆಟ್ಟರೆ ಪಾದ ಅಲ್ಲೇ ನಿಂತು ಮೈ ಮುಂದೆ ಹೋಗುತ್ತದೆ. ಹರಡಿನ ಮೂಳೆ ಮುರಿಯುವುದು ಹೀಗೆ. ಕೆಳಗೆ ಬಂಡೆ, ಮರ, ಪ್ರಪಾತ ಇಲ್ಲದ, ಜಾರು ಎಲ್ಲಿ ಮುಗಿಯುತ್ತದೆಂದು ಕಣ್ಣಿಗೆ ಕಾಣುವ ಕಡೆ ಮಾತ್ರ ಕುಳಿತುಕೊಳ್ಳಿ.

ತೊರೆಗಳ ಮೇಲಿನ ಹಿಮದ ಸೇತುವೆಯನ್ನೂ ಬೆಳಿಗ್ಗೆಯೇ ದಾಟಿ. ನಡುವೆ ಕುಸಿದು ತಗ್ಗಾಗಿದ್ದರೆ, ಬಣ್ಣ ಬೂದಿಗೆ ತಿರುಗಿದ್ದರೆ, ಕಾಲಡಿಯಲ್ಲೇ ನೀರಿನ ಸದ್ದು ಕೇಳಿದರೆ ಅದು ತೆಳುವಾಗಿದೆ. ಕೇದಾರಕಂಠದ ದಾರಿಯ ಜೂಡಾ ಕಾ ತಾಲಾಬ್ ಜನವರಿಯಲ್ಲಿ ಹೆಪ್ಪುಗಟ್ಟಿರಬಹುದು. ಮಾರ್ಚಿನಲ್ಲಿ ಫೋಟೊಗೆಂದು ಅದರ ಮೇಲೆ ಹೆಜ್ಜೆ ಇಡಬೇಡಿ, ಮಂಜುಗಡ್ಡೆ ಮೊದಲು ಸಡಿಲವಾಗುವುದು ದಡದಂಚಿನಲ್ಲೇ.

ಹಿಮಕುಸಿತದ ಬಗ್ಗೆ ನೀವು ಕೇಳಿಲ್ಲ, ಆದರೆ ಹೇಳದೆ ಬಿಡಲಾಗದು. ಹೆಚ್ಚಿನ ಕುಸಿತಗಳು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಆಗುತ್ತವೆ. ಓರೆ ಅಳೆಯಲು ಒಂದೇ ಉದ್ದದ ಎರಡು ಕೋಲು ಸಾಕು. ಒಂದನ್ನು ಹಿಮದ ಮೇಲೆ ನೆಟ್ಟಗೆ ನಿಲ್ಲಿಸಿ. ಅದರ ನಡುಮಟ್ಟದಿಂದ ಇನ್ನೊಂದನ್ನು ಬೆಟ್ಟದ ಕಡೆಗೆ ಅಡ್ಡಲಾಗಿ, ಮಟ್ಟಸವಾಗಿ ಹಿಡಿಯಿರಿ. ತುದಿ ಸರಿಯಾಗಿ ಹಿಮ ಮುಟ್ಟಿದರೆ ಓರೆ ಸುಮಾರು 27 ಡಿಗ್ರಿ. ಕೋಲಿಗೆ ಪೂರ್ತಿ ಚಾಚಲು ಜಾಗವೇ ಸಾಲದಿದ್ದರೆ ಅದಕ್ಕಿಂತ ಕಡಿದು. ಅಂಥ ಇಳಿಜಾರಿನ ಮೇಲೂ ಬುಡದಲ್ಲೂ ನಿಂತು ಹರಟಬೇಡಿ. ಹೊಸ ಹಿಮ ಬಿದ್ದ ಮೇಲೆ ಕನಿಷ್ಠ ಒಂದೆರಡು ದಿನ ಕಾಯಿರಿ. ಬಿಸಿಲೇರಿದಾಗ ಮೇಲಿನಿಂದ ತಾವಾಗಿಯೇ ಹಿಮದ ಉಂಡೆಗಳು ಉರುಳತೊಡಗಿದರೆ, ಹೆಜ್ಜೆ ಇಟ್ಟಾಗ ಒಳಗಿನಿಂದ ‘ಹುಂಫ್’ ಎಂದು ಕುಸಿದ ಸದ್ದು ಬಂದರೆ, ಕಾಲಿನ ಮುಂದೆ ಬಿರುಕು ಓಡಿದರೆ, ತಕ್ಷಣ ಮರಳಿ. ಉತ್ತರಾಖಂಡದ ಜಿಲ್ಲೆಗಳಿಗೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಭಾಗವಾದ ಡಿಜಿಆರ್‌ಇ ಎಂಬ ಪ್ರಯೋಗಾಲಯ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಹೊರಡುವ ಹಿಂದಿನ ದಿನ ಅದನ್ನೂ ಹವಾಮಾನ ಇಲಾಖೆಯ ಸೂಚನೆಯನ್ನೂ ನೋಡಿ.

ಪ್ರಶ್ನೆ (ಮಂಗಳೂರಿನಿಂದ): ಆರು ವರ್ಷದ ಹಿಂದೆ ಕೊಂಡ ದುಬಾರಿ ಬೂಟು, ಹಾಕಿದ್ದು ಎರಡೇ ಸಲ. ಈ ಬಾರಿ ಚಾರಣದ ಮೊದಲ ದಿನವೇ ಎರಡೂ ಅಡಿ ಕಿತ್ತು ಬಂತು. ಕಳಪೆ ಮಾಲೇ?

ಉತ್ತರ: ಮಾಲು ಕಳಪೆ ಇರಲಿಕ್ಕಿಲ್ಲ. ಹೆಚ್ಚಿನ ಚಾರಣದ ಬೂಟುಗಳಲ್ಲಿ ಅಟ್ಟೆಗೂ ಮೇಲ್ಭಾಗಕ್ಕೂ ನಡುವೆ ಪಾಲಿಯುರೆಥೇನಿನ ಮೆತ್ತನೆಯ ಪದರ ಇರುತ್ತದೆ. ಗಾಳಿಯ ತೇವ ಅದರ ಕಟ್ಟನ್ನು ನಿಧಾನವಾಗಿ ಒಡೆಯುತ್ತದೆ. ಕರಾವಳಿಯ ಸೆಕೆಯಲ್ಲಿ, ಅದೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಲ್ಮಾರಿನಲ್ಲಿಟ್ಟರೆ, ತೊಡದೆಯೇ ಹಾಳಾಗುತ್ತದೆ. ವರ್ಷವಿಡೀ ಆಗಾಗ ತೊಟ್ಟು, ಗಾಳಿಯಾಡುವ ಕಡೆ ಇಟ್ಟ ಬೂಟು ಹೆಚ್ಚು ಬಾಳುತ್ತದೆ. ಹೊರಡುವ ತಿಂಗಳ ಮುಂಚೆ ಆ ಪದರವನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ, ಬೂಟನ್ನು ಬಾಗಿಸಿ. ಸಣ್ಣ ಬಿರುಕು, ಪುಡಿ ಉದುರುವಿಕೆ ಕಂಡರೆ ಬೇರೆ ಕೊಳ್ಳಿ. ದಾರಿಯಲ್ಲೇ ಕಿತ್ತರೆ ಗಟ್ಟಿ ಟೇಪನ್ನು ಮೇಲಿಂದ ಕೆಳಗೆ ಐದಾರು ಸುತ್ತು ಬಿಗಿದು, ಅದರ ಮೇಲೆ ಮೈಕ್ರೋಸ್ಪೈಕ್ ತೊಡಿಸಿ. ಅದರ ರಬ್ಬರು ಅಡಿಯನ್ನು ಹಿಡಿದುಕೊಳ್ಳುತ್ತದೆ. ಎರಡು ಮೀಟರಿನಷ್ಟು ಟೇಪನ್ನು ಕೋಲಿಗೇ ಸುತ್ತಿಟ್ಟುಕೊಂಡರೆ ಬ್ಯಾಗಿನಲ್ಲಿ ಜಾಗ ಬೇಡ.

ವಸಂತದಲ್ಲಿ ಬೂಟು ಒದ್ದೆಯಾಗುವುದು ಚಳಿಗಾಲಕ್ಕಿಂತ ಹೆಚ್ಚು, ಏಕೆಂದರೆ ಹಿಮವೇ ನೀರು ನೀರಾಗಿರುತ್ತದೆ. ಬೂಟಿನ ಬಾಯಿಯೊಳಗೆ ಹಿಮ ನುಗ್ಗದಂತೆ ಕಣಕಾಲಿಗೆ ಸುತ್ತುವ ಹೊದಿಕೆ, ಅಂದರೆ ಗೇಟರ್ ಕಟ್ಟಿಕೊಳ್ಳಿ. ರಾತ್ರಿ ಬೂಟಿನೊಳಗೆ ಹಳೆಯ ದಿನಪತ್ರಿಕೆ ತುರುಕಿ, ಡೇರೆಯೊಳಗೇ ಇಡಿ. ಹೊರಗಿಟ್ಟರೆ ಬೆಳಿಗ್ಗೆ ಕಲ್ಲಾಗಿರುತ್ತದೆ. ಬೆಂಕಿಯ ಬಳಿ ಒಣಗಿಸಿದರೆ ಅಂಟು ಕರಗುತ್ತದೆ. ಅರೆ ಒದ್ದೆ ಕಾಲುಚೀಲವನ್ನು ಸ್ಲೀಪಿಂಗ್ ಬ್ಯಾಗಿನಲ್ಲಿ ಮೈಗೆ ತಾಗಿಸಿಕೊಂಡು ಮಲಗಿದರೆ ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ. ಹತ್ತಿಯ ಬನಿಯನ್, ಜೀನ್ಸ್ ಮನೆಯಲ್ಲೇ ಇರಲಿ. ಬೆವರು ಕುಡಿದ ಹತ್ತಿ ಬೇಗ ಆರದೆ ಮೈಯ ಶಾಖ ಹೀರುತ್ತದೆ.

ಪ್ರಶ್ನೆ (ಮೈಸೂರಿನಿಂದ): ನನಗೆ 58 ವರ್ಷ. ಪ್ರತಿ ಭಾನುವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುತ್ತೇನೆ, ಇಳಿಯುವುದು ಬಸ್ಸಿನಲ್ಲಿ. ಏಪ್ರಿಲ್ ಮೊದಲಲ್ಲಿ ಮಗಳ ಜೊತೆ ತುಂಗನಾಥಕ್ಕೆ ಹೋಗಬಹುದೇ? ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ.

ಉತ್ತರ: ಸಾವಿರ ಮೆಟ್ಟಿಲು ಹತ್ತುವ ಅಭ್ಯಾಸ ಇರುವುದು ದೊಡ್ಡ ಆಸ್ತಿ. ಆದರೆ ಇನ್ನು ಮುಂದೆ ಬಸ್ಸು ಬಿಟ್ಟು ಮೆಟ್ಟಿಲಲ್ಲೇ ಇಳಿಯಿರಿ. ತೊಡೆ ಸ್ನಾಯು ಸೋಲುವುದು, ಮೊಣಕಾಲು ನೋಯುವುದು ಇಳಿಯುವಾಗ. ಹತ್ತಿ ಮಾತ್ರ ಅಭ್ಯಾಸವಾದ ಕಾಲಿಗೆ ತುಂಗನಾಥದ ಇಳಿತ ಹೊಸದು. ಮೊದಲ ಮೂರು ವಾರ ಅರ್ಧ ದಾರಿ ಇಳಿದು ನೋಡಿ, ಆಮೇಲೆ ಪೂರ್ತಿ. ಕೊನೆಯ ತಿಂಗಳು ನಾಲ್ಕೈದು ಕೆ.ಜಿ. ಚೀಲ ಹೊತ್ತು ಒಂದೇ ಬೆಳಿಗ್ಗೆ ಎರಡು ಸಲ ಹತ್ತಿ ಇಳಿಯಲಾದರೆ ನಿಮ್ಮ ಕಾಲು ತಯಾರಿದೆ. ಕೋಲು ಎರಡಿರಲಿ. ಮಟ್ಟಸ ನೆಲದಲ್ಲಿ ಮೊಣಕೈ ಲಂಬಕೋನಕ್ಕೆ ಬರುವಷ್ಟು ಉದ್ದ, ಇಳಿಯುವಾಗ ಐದರಿಂದ ಹತ್ತು ಸೆಂಟಿಮೀಟರ್ ಹೆಚ್ಚು.

ತುಂಗನಾಥ ಪಂಚಕೇದಾರಗಳೆಂಬ ಐದು ಶಿವನ ಗುಡಿಗಳಲ್ಲೇ ಎತ್ತರದ್ದು, 3,680 ಮೀಟರ್. ಚೋಪ್ತಾದಿಂದ ಸುಮಾರು ಮೂರೂವರೆ ಕಿ.ಮೀ. ಕಲ್ಲು ಹಾಸಿದ ದಾರಿ. ಏಪ್ರಿಲ್ ಮೊದಲಲ್ಲಿ ಆ ಕಲ್ಲುಗಳ ಮೇಲೆ ಅಲ್ಲಲ್ಲಿ ಹಿಮ ಕರಗಿ ಮರಳಿ ಗಟ್ಟಿಯಾಗಿ ಗಾಜಾಗಿರುತ್ತದೆ. ಸ್ಪೈಕ್ ಇಲ್ಲದೆ ಹೋಗಬೇಡಿ. ಇನ್ನೊಂದು ಮಾತು ಮೊದಲೇ ತಿಳಿದಿರಲಿ: ನೀವು ಹೋಗುವ ಹೊತ್ತಿಗೆ ಗುಡಿಯ ಬಾಗಿಲು ತೆರೆದಿರುವುದಿಲ್ಲ. ಚಳಿಗಾಲದ ಪೂಜೆ ಕೆಳಗಿನ ಮಕ್ಕುಮಠದಲ್ಲಿ ನಡೆಯುತ್ತದೆ, ಉತ್ಸವಮೂರ್ತಿ ಮೇಲೆ ಮರಳುವುದು ಏಪ್ರಿಲ್ ಕೊನೆ ಅಥವಾ ಮೇ ತಿಂಗಳಲ್ಲಿ. ದರ್ಶನವೇ ಮುಖ್ಯವಾದರೆ ದಿನ ಮುಂದಕ್ಕೆ ಹಾಕಿ. ಹಿಮ, ಹೂವು, ನಿಶ್ಶಬ್ದ ಬೇಕಾದರೆ ಈಗಲೇ ಸರಿ. ದಾರಿಯಲ್ಲಿ ಮಕ್ಕುಮಠಕ್ಕೆ ಹೋಗಿ ಕೈಮುಗಿಯಬಹುದು.

ಎತ್ತರಕ್ಕೆ ಮೈ ಒಗ್ಗಲು ಸಮಯ ಕೊಡಿ. ಋಷಿಕೇಶದಿಂದ ಒಂದೇ ದಿನ ಚೋಪ್ತಾ ಮುಟ್ಟುವ ಬದಲು ಒಂದು ರಾತ್ರಿ ಉಖೀಮಠದಲ್ಲಿ, ಇನ್ನೊಂದು ಚೋಪ್ತಾದ ಸುತ್ತಮುತ್ತ ತಂಗಿ, ಮೂರನೇ ದಿನ ಹತ್ತಿ. 2,500 ಮೀಟರ್ ದಾಟಿದ ಮೇಲೆ ತಲೆನೋವಿನ ಜೊತೆ ವಾಕರಿಕೆ, ಊಟ ಸೇರದಿರುವುದು, ವಿಪರೀತ ಸುಸ್ತು ಬಂದರೆ ಅದು ಎತ್ತರದ ಕಾಯಿಲೆಯೇ ಎಂದು ತಿಳಿದು ಅಲ್ಲೇ ನಿಲ್ಲಿ. ಕಡಿಮೆಯಾಗದಿದ್ದರೆ ಇಳಿಯಿರಿ. ಗೆರೆ ಎಳೆದಂತೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಯಲು ಆಗದೆ ತೂರಾಡಿದರೆ, ಕುಳಿತಾಗಲೂ ಏದುಸಿರು ಬಂದರೆ, ರಾತ್ರಿಯಾಗಿದ್ದರೂ ಕೆಳಗಿಳಿಸಬೇಕು. ಎತ್ತರದ ಕಾಯಿಲೆ ತಡೆಯಲು ಅಸೆಟಜೋಲಮೈಡ್ ಮಾತ್ರೆಯನ್ನು ಸಾಮಾನ್ಯವಾಗಿ 125 ಮಿ.ಗ್ರಾಂ.ನಂತೆ ದಿನಕ್ಕೆರಡು, ಏರುವ ಹಿಂದಿನ ದಿನದಿಂದ ಕೊಡುತ್ತಾರೆ. ಆದರೆ ಅದು ಮೂತ್ರ ಹೆಚ್ಚಿಸುವ ಮಾತ್ರೆ. ನಿಮ್ಮ ಬಿಪಿ ಮಾತ್ರೆಯ ಜೊತೆ ಹೊಂದುತ್ತದೆಯೇ, ಸಲ್ಫಾ ಅಲರ್ಜಿ ಇದೆಯೇ ಎಂದು ನಿಮ್ಮ ವೈದ್ಯರೇ ನಿರ್ಧರಿಸಲಿ. ಬಿಪಿ ಮಾತ್ರೆಯನ್ನು ಮಾತ್ರ ಪ್ರವಾಸಕ್ಕೆಂದು ನಿಲ್ಲಿಸಬೇಡಿ.

ಪ್ರಶ್ನೆ (ದಾವಣಗೆರೆಯಿಂದ): ಮೋಡವಿದ್ದ ದಿನವೂ ತಂಪು ಕನ್ನಡಕ ಬೇಕೇ?

ಉತ್ತರ: ಬೇಕು. ಸಾವಿರ ಮೀಟರ್ ಏರಿದಂತೆ ನೇರಳಾತೀತ ಕಿರಣ ಸುಮಾರು 10 ಪ್ರತಿಶತ ಹೆಚ್ಚುತ್ತದೆ, ಹೊಸ ಹಿಮ ಅದರಲ್ಲಿ 80 ಪ್ರತಿಶತದವರೆಗೆ ಮರಳಿ ಚಿಮ್ಮಿಸುತ್ತದೆ, ತೆಳುಮೋಡ ಅದನ್ನು ತಡೆಯುವುದಿಲ್ಲ. ಕಣ್ಣಿನ ಉರಿ ಅಲ್ಲೇ ಗೊತ್ತಾಗದೆ ಆರರಿಂದ ಹನ್ನೆರಡು ಗಂಟೆ ಬಿಟ್ಟು, ಮರಳು ಬಿದ್ದಂತೆ ಶುರುವಾಗುತ್ತದೆ. ಬದಿ ಮುಚ್ಚುವ, ಗಾಜಿನ ಕಪ್ಪಿನ ದರ್ಜೆ ಹೇಳುವ ‘ಕೆಟಗರಿ’ 3 ಅಥವಾ 4 ಇರುವ ಕನ್ನಡಕ ಕೊಳ್ಳಿ. ಕಳೆದುಹೋದರೆ ರಟ್ಟಿನಲ್ಲಿ ಸಣ್ಣ ಸೀಳು ಕತ್ತರಿಸಿ ಕಣ್ಣಿಗೆ ಕಟ್ಟಿಕೊಳ್ಳಬಹುದು. ಸನ್‌ಸ್ಕ್ರೀನನ್ನು ಮೂಗಿನ ಅಡಿ, ಗದ್ದದ ಕೆಳಗೆ ಹಚ್ಚಲು ಮರೆಯುತ್ತಾರೆ. ಹಿಮದ ಬಿಸಿಲು ಕೆಳಗಿನಿಂದಲೂ ಬರುತ್ತದೆ.

ಪ್ರಶ್ನೆ (ಧಾರವಾಡದಿಂದ): ನಾವೇ ಅಡುಗೆ ಮಾಡಿಕೊಂಡೆವು. ಗ್ಯಾಸ್ ಕ್ಯಾನಿನಲ್ಲಿ ಗ್ಯಾಸ್ ಇದ್ದರೂ ಬೆಳಿಗ್ಗೆ ಒಲೆ ಉರಿಯಲಿಲ್ಲ, ಬೇಳೆ ಒಂದು ತಾಸಾದರೂ ಬೇಯಲಿಲ್ಲ.

ಉತ್ತರ: ಎರಡಕ್ಕೂ ಕಾರಣ ಬೇರೆ. ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗುವುದನ್ನೇ ನಿಲ್ಲಿಸಿ ಕ್ಯಾನಿನ ತಳದಲ್ಲಿ ದ್ರವವಾಗಿ ಕೂರುತ್ತದೆ. ಐಸೊಬ್ಯೂಟೇನ್, ಪ್ರೊಪೇನ್ ಬೆರೆತ ಕ್ಯಾನು ಕೇಳಿ ಕೊಳ್ಳಿ, ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗಿನ ಕಾಲ ಬಳಿ ಇಟ್ಟುಕೊಳ್ಳಿ. ವಿಮಾನದಲ್ಲಿ ಕ್ಯಾನು ಒಯ್ಯುವಂತಿಲ್ಲ, ಅಲ್ಲೇ ಕೊಳ್ಳಬೇಕು. ಇನ್ನು ಬೇಳೆ: 3,400 ಮೀಟರಿನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ಎಷ್ಟು ಉರಿ ಹಾಕಿದರೂ ಅದಕ್ಕಿಂತ ಬಿಸಿಯಾಗದು. ಕುಕ್ಕರ್ ಇಲ್ಲದೆ ತೊಗರಿ ಬೇಯುವ ಮಾತಿಲ್ಲ. ಹುರಿದ ರವೆಗೆ ಒಗ್ಗರಣೆ ಹಾಕಿ ಪೊಟ್ಟಣ ಕಟ್ಟಿಕೊಳ್ಳಿ, ಅವಲಕ್ಕಿ, ಶೇಂಗಾ ಚಟ್ನಿಪುಡಿ, ಬೆಲ್ಲ ಒಯ್ಯಿರಿ. ಹಿಮ ಕರಗಿಸಿ ನೀರು ಮಾಡುವುದಿದ್ದರೆ ಗ್ಯಾಸು ಎರಡರಷ್ಟು ಬೇಕು: ಒಂದು ಕೆ.ಜಿ. ಹಿಮ ಕರಗಿಸುವ ಶಾಖದಲ್ಲಿ ಅಷ್ಟೇ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಏರಿಸಬಹುದು. ಪಾತ್ರೆಯ ತಳಕ್ಕೆ ಮೊದಲು ಸ್ವಲ್ಪ ನೀರು ಹಾಕದಿದ್ದರೆ ಸೀದ ವಾಸನೆ ಬರುತ್ತದೆ.

ಒಲೆಯನ್ನಾಗಲೀ ಕೆಂಡದ ಅಂಗೀಠಿಯನ್ನಾಗಲೀ ಮುಚ್ಚಿದ ಡೇರೆಯಲ್ಲಿ, ಕೋಣೆಯಲ್ಲಿ ಇಟ್ಟುಕೊಂಡು ಮಲಗಲೇಬೇಡಿ. ಅದರಿಂದ ಹೊರಡುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ನಿದ್ದೆಯಲ್ಲಿದ್ದವರು ಏಳುವುದಿಲ್ಲ.

ಪ್ರಶ್ನೆ (ಸಾಗರದಿಂದ): ಹಿಮಾಲಯಕ್ಕೆ ಹೋಗುವಷ್ಟು ರಜೆ ಇಲ್ಲ. ಮಾರ್ಚಿನಲ್ಲಿ ನಮ್ಮ ಕಡೆಯ ಬೆಟ್ಟ ಹತ್ತಬಹುದೇ?

ಉತ್ತರ: ಶಿವರಾತ್ರಿ ಕಳೆದ ಮೇಲೆ ನಮ್ಮ ಬೆಟ್ಟಗಳ ಹುಲ್ಲು ಒಣಗಿ, ಒಂದು ಕಿಡಿ ಸಾಕೆಂಬಂತಿರುತ್ತದೆ. ಬೆಂಕಿಯ ಕಾಲದಲ್ಲಿ ಅರಣ್ಯ ಇಲಾಖೆ ಎಷ್ಟೋ ದಾರಿಗಳನ್ನು ಮುಚ್ಚುತ್ತದೆ. ‘ಅರಣ್ಯ ವಿಹಾರ’ ಜಾಲತಾಣದಲ್ಲಿ ದಾರಿ ತೆರೆದಿದೆಯೇ ನೋಡಿ, ಟಿಕೆಟ್ ಪಡೆದೇ ಹೋಗಿ. ಮಳೆಗಾಲದಲ್ಲಿ ಕಂಡ ಝರಿಯನ್ನು ನಂಬಬೇಡಿ, ತಲಾ ನಾಲ್ಕು ಲೀಟರ್ ನೀರು ಹೊತ್ತುಕೊಳ್ಳಿ, ಬೆಳಕು ಹರಿಯುತ್ತಲೇ ಹೊರಟು ಬಿಸಿಲೇರುವ ಮುನ್ನ ಇಳಿಯಿರಿ.

ನಿಮ್ಮ ಭಾಗದಲ್ಲಿ ಇನ್ನೂ ದೊಡ್ಡ ಎಚ್ಚರಿಕೆ ಉಣುಗು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗಿನ ಮರಿಗಳು ಹೆಚ್ಚಾಗುವುದು ಇದೇ ಒಣ ತಿಂಗಳುಗಳಲ್ಲಿ. ಮಂಗ ಸತ್ತ ಸುದ್ದಿ ಇದ್ದ ಕಾಡಿಗೆ ಹೋಗಬೇಡಿ. ಉದ್ದ ತೋಳು, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ಬಳಸಿ. ತರಗೆಲೆಯ ಮೇಲೆ ಕೂರಬೇಡಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿಕೊಳ್ಳಿ. ಕಚ್ಚಿದ್ದರೆ ಸೀಮೆಎಣ್ಣೆ, ಸುಣ್ಣ, ಬೆಂಕಿಕಡ್ಡಿ ಬೇಡ. ಚೂಪು ಚಿಮಟದಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಎಳೆಯಿರಿ. ಎಂಟು ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲು ಹೇಳಿ. ರಕ್ತಸ್ರಾವದ ಭಯವಿರುವುದರಿಂದ ಅಂಗಡಿಯ ನೋವಿನ ಮಾತ್ರೆ ನುಂಗಬೇಡಿ.

ಪ್ರಶ್ನೆ (ತುಮಕೂರಿನಿಂದ): ಬುರಾಂಶ್ ಹೂವು ನೋಡಲು ಯಾವಾಗ, ಎಲ್ಲಿಗೆ ಹೋಗಬೇಕು? ತಿನ್ನಬಹುದಂತೆ, ನಿಜವೇ?

ಉತ್ತರ: ಬುರಾಂಶ್ ಎಂದರೆ ಕೆಂಪು ಹೂವಿನ ರೋಡೋಡೆಂಡ್ರಾನ್ ಮರ, ಉತ್ತರಾಖಂಡದ ರಾಜ್ಯವೃಕ್ಷ. ಹೂವು ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ: 1,500–1,800 ಮೀಟರಿನಲ್ಲಿ ಫೆಬ್ರುವರಿ ಕೊನೆಯಿಂದ, ಚೋಪ್ತಾದ ಎತ್ತರದಲ್ಲಿ ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ. ಸಾರಿ ಊರಿನಿಂದ ದೇವರಿಯಾ ತಾಲ್‌ಗೆ ಹೋಗುವ ದಾರಿಯಲ್ಲಿ ಕೆಂಪು ಹೂವಿನ ಹಿಂದೆ ಬಿಳಿ ಚೌಖಂಬಾ ಶಿಖರ ಕಾಣುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ಹೋಗಿ, ಆಮೇಲೆ ಮೋಡ ಮುಚ್ಚಬಹುದು. ಇದೇ ಜಾತಿಯ ಒಂದು ಉಪಜಾತಿ ನಮಗೆ ಹತ್ತಿರದ ನೀಲಗಿರಿಯ ಶೋಲಾ ಕಾಡಂಚಿನಲ್ಲೂ ಬೆಳೆಯುತ್ತದೆ. ಕೆಂಪು ಬುರಾಂಶ್‌ನ ಎಸಳಿನಿಂದ ಹಳ್ಳಿಯವರು ಶರಬತ್ತು ಮಾಡುತ್ತಾರೆ. ಬಾಟಲಿ ಕೊಂಡು ತನ್ನಿ. ಕಿತ್ತು ತಿನ್ನಲು ಹೋಗಬೇಡಿ, ಅದೇ ಕುಲದ ಬಿಳಿ, ನೇರಳೆ ಹೂವಿನ ಗಿಡಗಳಲ್ಲಿ ಕೆಲವು ವಿಷ.

ಮಾರ್ಚ್ ನಡುವಿನಲ್ಲಿ, ಚೈತ್ರ ಸಂಕ್ರಾಂತಿಯ ದಿನ ಅಲ್ಲಿದ್ದರೆ ‘ಫೂಲ್ ದೇಯಿ’ ಹಬ್ಬ ಕಾಣುತ್ತೀರಿ. ಮಕ್ಕಳು ಬುಟ್ಟಿಯಲ್ಲಿ ಬುರಾಂಶ್, ಹಳದಿ ಫ್ಯೂಂಲಿ ಹೂವು ತಂದು ಮನೆಮನೆಯ ಹೊಸ್ತಿಲಿಗೆ ಹಾಕುತ್ತಾರೆ. ನೀವು ತಂಗಿದ ಮನೆಗೂ ಬರುತ್ತಾರೆ. ಅಕ್ಕಿ, ಬೆಲ್ಲ, ಒಂದಿಷ್ಟು ಚಿಲ್ಲರೆ ಕೊಡುವುದು ವಾಡಿಕೆ. ಹಿಂದಿನ ಸಂಜೆಯೇ ತೆಗೆದಿಟ್ಟುಕೊಳ್ಳಿ, ಅವರು ಬರುವುದು ಬಲು ಬೇಗ.